ಬೆಕ್ಕು ಹುಡುಕುವ ಜುಬೇದಾ ಬೀ

ಜುಬೇದಾ ಬೀಯನ್ನು ನಾನು ಮೊದಲ ಸಲ ನೋಡಿದಾಗ ಅವರು ತುಮಕೂರಿನ ಮರಳೂರು ಬಡಾವಣೆಯ ನಮ್ಮ ಬೀದಿಯಲ್ಲಿ, ನಿಂತಿದ್ದ ಮೆಟಡಾರ್ ಗಾಡಿಯ ಪಕ್ಕ ಬೋರಲಾಗಿ ಮಲಗಿದ್ದರು. ಕೆನ್ನೆ ನೆಲಕ್ಕೆ ತಾಗಿತ್ತು, ಕಪ್ಪು ಬುರ್ಖಾ ಧೂಳು ಮೆತ್ತಿ ಅರ್ಧ ಬಿಳಿಯಾಗಿತ್ತು. ಪಾಪ, ಯಾರೋ ತಲೆಸುತ್ತಿ ಬಿದ್ದಿದ್ದಾರೆಂದು ನಾನು ನೀರಿನ ಬಾಟಲಿ ಹಿಡಿದು ಓಡಿದೆ. ಅವರು ತಲೆ ಎತ್ತದೆ ಕೈಯನ್ನಷ್ಟೇ ಎತ್ತಿ ತಡೆದರು.

"ಶ್! ಚಪ್ಪಲಿ ಸದ್ದು ಮಾಡ್ಬೇಡಮ್ಮಾ. ಅಲ್ಲೇ ನಿಂತ್ಕೊ. ಸಾಹೇಬ್ರು ಟೈರ್ ಹಿಂದೆ ಅವ್ರೆ."

ಸಾಹೇಬರೆಂದರೆ ಮೂಲೆ ಮನೆಯವರ ಕಂದು ಬೆಕ್ಕು. ಐದು ನಿಮಿಷದಲ್ಲಿ ಅದನ್ನು ಬುರ್ಖಾದ ತುದಿಯಲ್ಲಿ ಸುತ್ತಿಕೊಂಡು ಎದ್ದು, ನನ್ನ ಬಾಟಲಿಯ ನೀರನ್ನೂ ಕುಡಿದು ಹೋದರು. ಅರವತ್ತು ದಾಟಿದ ಹೆಂಗಸು ಹಾಡಹಗಲೇ ರಸ್ತೆಯಲ್ಲಿ ಹೀಗೆ ಮಲಗಿದರೆ ಜನ ನಗುವುದಿಲ್ಲವೇ ಎಂದು, ಸಲಿಗೆ ಬೆಳೆದ ಮೇಲೆ ಒಮ್ಮೆ ಕೇಳಿದ್ದೆ. "ನಿಂತ್ಕೊಂಡು ಹುಡುಕಿದ್ರೆ ಮನುಷ್ಯರು ಸಿಗ್ತಾರೆ ಕಣಮ್ಮಾ. ಬೆಕ್ಕು ಬೇಕಂದ್ರೆ ಬೆಕ್ಕಿನ ಎತ್ತರಕ್ಕೇ ಇಳೀಬೇಕು" ಅಂದಿದ್ದರು.

ಅವರ ಕಸುಬು ರಜಾಯಿ ಹೊಲಿಯುವುದು. ಹಳೇ ಸೀರೆ, ಹತ್ತಿ ಕೊಟ್ಟರೆ ನಮ್ಮ ಜಗಲಿಯಲ್ಲೇ ಕೂತು, ಮಾರುದ್ದದ ದಾರ ಎಳೆಯುತ್ತಾ ಎರಡು ದಿನದಲ್ಲಿ ಮುಗಿಸುತ್ತಿದ್ದರು. ಹೀಗೆ ಮನೆಮನೆ ಜಗಲಿಯಲ್ಲಿ ಕೂತೇ ಮರಳೂರಿನ ಪ್ರತಿ ಅಟ್ಟ, ಪ್ರತಿ ಹಿತ್ತಲು, ಪ್ರತಿ ಒಡಕು ಪೈಪು ಅವರಿಗೆ ಗೊತ್ತಾಗಿತ್ತು. ಯಾರ ಮನೆಯ ಬೆಕ್ಕು ಯಾರ ಮನೆಯಲ್ಲಿ ಎರಡನೇ ಊಟ ಮಾಡುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ಮಧ್ಯಾಹ್ನವಾದರೆ ಕರೆಂಟ್ ತೆಗೆಯುತ್ತಿದ್ದರು. ಇಡೀ ಊರು ಶಾಪ ಹಾಕುವ ಹೊತ್ತಿಗೆ ಜುಬೇದಾ ಬೀ ಒಬ್ಬರೇ ಖುಷಿಯಾಗಿ ಸೂಜಿ ಕೆಳಗಿಡುತ್ತಿದ್ದರು. ಮಿಕ್ಸಿ ಇಲ್ಲ, ಟೀವಿ ಇಲ್ಲ, ಗಿರಣಿ ಇಲ್ಲ. "ಈಗ ಕೇಳಿಸ್ತದೆ ನೋಡಿ" ಎಂದು ಕಿವಿ ಮೇಲಿನ ಬಟ್ಟೆ ಸರಿಸಿಕೊಂಡು ಹೊರಡುತ್ತಿದ್ದರು. ಒಮ್ಮೆ ಮದುವೆಗೆಂದು ಪರಊರಿಗೆ ಹೋಗಿ ಬಂದ ಕೊಬ್ಬರಿ ಮಂಡಿಯವರೊಬ್ಬರು ತಮ್ಮ ಬೆಕ್ಕನ್ನು ಯಾರೋ ಕದ್ದರೆಂದು ಎದುರು ಅಂಗಡಿಯವನ ಕೊರಳಪಟ್ಟಿ ಹಿಡಿದಿದ್ದರು. ಜುಬೇದಾ ಬೀ ಇಬ್ಬರನ್ನೂ ಬಿಡಿಸಿ ಕೇಳಿದ್ದು ಒಂದೇ ಪ್ರಶ್ನೆ: "ಮದುವೆಗೆ ಹೋಗೋವಾಗ ಎಷ್ಟು ಬಾಗಿಲಿಗೆ ಬೀಗ ಹಾಕಿದ್ರಿ?" ಕರೆಂಟ್ ಹೋದ ಹೊತ್ತಿಗೆ ಬೀಗ ಹಾಕಿದ್ದ ಗೋಡೌನಿನ ಒಳಗಿಂದ ಸಣ್ಣ ದನಿ ಬಂತು. "ಕಳೆದಿದ್ದು ಬೆಕ್ಕಲ್ಲ ಅಣ್ಣಾ, ನಿಮ್ಮ ಜ್ಞಾಪಕ" ಎಂದು ಹೇಳಿ ಅವರು ಚಹಾ ಕೂಡ ಕುಡಿಯದೆ ಎದ್ದು ಬಂದರು.

ಇಂಥ ಕಥೆಗಳನ್ನು ಕೇಳಿ ನಗುತ್ತಿದ್ದ ನನಗೆ ಅವರ ಅಗತ್ಯ ಬಿದ್ದದ್ದು ನಮ್ಮಪ್ಪ ತೀರಿಕೊಂಡ ಮೇಲೆ. ನಾನು ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಅಪ್ಪ ಅಮ್ಮ ಗುಬ್ಬಿಯಲ್ಲಿದ್ದರು. ಅಪ್ಪನಿಗೆ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದಾಗ ಅಮ್ಮ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಬರಲು ಮನೆಗೆ ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅಮ್ಮ ಅಳಲಿಲ್ಲ. ಹನ್ನೊಂದನೇ ದಿನ ಮನೆಯ ಹೊದಿಕೆ, ಪರದೆ, ಚೀಲಗಳನ್ನೆಲ್ಲಾ ಒಗೆದು, ಅಪ್ಪನ ಬಟ್ಟೆಗಳನ್ನು ದಾನ ಕೊಟ್ಟರು. ತಿಂಗಳು ಬಿಟ್ಟು ನನ್ನ ಜೊತೆ ಇರಲು ಹೊರಟಾಗ, ಹೊಸ ಮನೆಗೆ ಸೂತಕದ ಸೋಂಕು ಬೇಡವೆಂದು ಇನ್ನೊಮ್ಮೆ ಎಲ್ಲವನ್ನೂ ಒಗೆದರು. ಒಗೆಯದೆ ತಂದದ್ದು ಅಪ್ಪನ ಬೆಕ್ಕೊಂದನ್ನೇ. ತಮ್ಮ ಅಂಗಡಿಯ ಕೊಬ್ಬರಿ ಮೂಟೆ ಮೇಲೆ ಕೂರುವ ಅದರ ಗತ್ತು ನೋಡಿ ಅಪ್ಪ ಅದಕ್ಕೆ ದಿವಾನ ಅಂತ ಹೆಸರಿಟ್ಟಿದ್ದರು.

ಬಸ್ಸಿನಲ್ಲಿ ಬುಟ್ಟಿಯೊಳಗೆ ಕೂತು ಬಂದ ದಿವಾನನಿಗೆ ಗಾಳಿ ಸಿಗಲಿ ಎಂದು ನಾನು ನಡುಮನೆಯಲ್ಲಿ ಮುಚ್ಚಳ ತೆಗೆದೆ. ಮುಂಬಾಗಿಲು ತೆರೆದೇ ಇತ್ತು. ಲೆಕ್ಕ ಹೇಳಿಕೊಡುವವಳ ಬುದ್ಧಿ ಅಷ್ಟೇ! ಅವನು ನನ್ನ ಕಾಲ ಸಂದಿಯಲ್ಲೇ ನುಗ್ಗಿ ಹೋದ.

ಎರಡು ದಿನ ತಟ್ಟೆ ಬಡಿದುಕೊಂಡು, ಹೆಸರು ಕೂಗಿಕೊಂಡು ಬೀದಿ ಬೀದಿ ಅಲೆದೆ. ಲೈಟು ಕಂಬಗಳಿಗೆ ಚೀಟಿ ಅಂಟಿಸಿದೆ. ಬೆಕ್ಕು ಹಳೇ ಮನೆ ಹುಡುಕಿಕೊಂಡು ಗುಬ್ಬಿಗೆ ನಡೆದೇ ಹೋಗಿರುತ್ತದೆ ಎಂದು ಪಕ್ಕದ ಮನೆಯವರು ಸಮಾಧಾನ ಹೇಳಿದರು. ಅಮ್ಮ ಅನ್ನ ಕಲಸಿ ಹಾಗೇ ಬಿಡುತ್ತಿದ್ದರು. "ಅವರು ಹೋಗೋವಾಗ್ಲೂ ನಾನು ಪಕ್ಕದಲ್ಲಿರ್ಲಿಲ್ಲ. ಇದನ್ನಾದ್ರೂ ಕೊನೇತನಕ ನೋಡ್ಕೋತೀನಿ ಅಂದ್ಕೊಂಡಿದ್ದೆ. ಅದೂ ಆಗ್ಲಿಲ್ಲ ನೋಡೇ" ಎಂದರು. ನನಗೆ ನನ್ನ ಕೈ ಕತ್ತರಿಸಿಕೊಳ್ಳುವಷ್ಟು ಸಿಟ್ಟು ಬಂತು. ಜುಬೇದಾ ಬೀಯ ಮನೆಗೆ ಓಡಿದೆ.

ಬಂದವರೇ ಮೊದಲು ನನ್ನ ತಟ್ಟೆ ಕಿತ್ತುಕೊಂಡರು. "ಇದನ್ನ ಬಡಿದು ಇನ್ನೂ ಹೆದರಿಸಿದೀಯಾ. ಗುಬ್ಬಿಗೂ ಹೋಗಿಲ್ಲ, ಗುಬ್ಬಿಯಾಚೆಗೂ ಹೋಗಿಲ್ಲ ಬುಡು. ಹೊಸ ಜಾಗದಲ್ಲಿ ತಪ್ಪಿಸ್ಕೊಂಡ ಬೆಕ್ಕು ಮೂರು ಮನೆ ದಾಟಲ್ಲ. ಎಲ್ಲೋ ಉಸಿರು ಬಿಗಿ ಹಿಡ್ಕೊಂಡು ಕೂತವ್ನೆ. ನಿಮ್ಮನೆ ವಾಸನೆ ಇರೋ ಬಟ್ಟೆ ಒಂದು ಕೊಡಿ."

ಅಮ್ಮ ತಂದು ಕೊಟ್ಟ ಸೀರೆ, ಹೊದಿಕೆ, ದಿಂಬಿನ ಚೀಲಗಳನ್ನು ಅವರು ಒಂದೊಂದಾಗಿ ಮೂಸಿದರು. "ಸೋಪು. ಇದೂ ಸೋಪು. ಇದು ನೀಲಿ. ಅಯ್ಯೋ ಅಮ್ಮಾ, ಎಂಥಾ ಕೈ ನಿಮ್ದು! ಒಗೀದೆ ಇರೋದು ಏನೂ ಇಲ್ವಾ?"

ಇಲ್ಲವೆಂದು ಅಮ್ಮ ತಲೆಯಾಡಿಸಿದಾಗ ನನಗೆ ಅಪ್ಪನ ಸ್ಕೂಟರಿನ ಡಿಕ್ಕಿ ನೆನಪಾಯಿತು. ಈಗ ಅದನ್ನು ಓಡಿಸುತ್ತಿದ್ದವಳು ನಾನೇ. ಡಿಕ್ಕಿಯ ತಳದಲ್ಲಿ ಅವರು ಸೀಟು ಒರೆಸುತ್ತಿದ್ದ ಟವೆಲ್ ಮುದ್ದೆಯಾಗಿ ಬಿದ್ದಿತ್ತು. ನಶ್ಯ, ಕೊಬ್ಬರಿ, ಬೆವರು ಎಲ್ಲಾ ಸೇರಿದ ವಾಸನೆ. ಅಮ್ಮ ಅದನ್ನು ಇಸಿದುಕೊಂಡು ಮುಖದ ಹತ್ತಿರ ತಂದವರು ಬಹಳ ಹೊತ್ತು ಹಾಗೇ ನಿಂತರು. ಜುಬೇದಾ ಬೀ ಆತುರಪಡಿಸಲಿಲ್ಲ.

ಟವೆಲನ್ನು ಹಿತ್ತಲ ಮೆಟ್ಟಿಲ ಮೇಲೆ ಹಾಸಿದ್ದಾಯಿತು. ಮೂರು ಮಧ್ಯಾಹ್ನ ಕರೆಂಟ್ ಹೋದ ಹೊತ್ತಿಗೆ ಅಮ್ಮ, ಜುಬೇದಾ ಬೀ ಇಬ್ಬರೂ ಅದರ ಪಕ್ಕ ಕೂತರು, ಹಿಂದೆ ನಾನು. ಜುಬೇದಾ ಬೀ ಯಾರದೋ ರಜಾಯಿಗೆ ದಾರ ಎಳೆಯುತ್ತಿದ್ದರು. ಅಮ್ಮನಿಗೆ ಕೂಗದೆ ಇರುವುದೇ ಕಷ್ಟ. "ಕರೀಬೇಡಿ. ಹೆದರಿದೋರನ್ನ ಕರೆದ್ರೆ ಇನ್ನೂ ಒಳಕ್ಕೆ ಹೋಗ್ತಾರೆ. ಸುಮ್ನೆ ಮಾತಾಡ್ತಾ ಇರಿ, ದಿನಾ ಮನೇಲಿ ಮಾತಾಡೋ ತರ." ಅಮ್ಮ ಮಾತಾಡಿದರು. ಕಾಫಿಪುಡಿ ಮುಗಿದದ್ದು, ಇಲ್ಲಿನ ನೀರು ಗಡಸಾಗಿರುವುದು, ಮಗಳು ಸ್ಕೂಟರನ್ನು ಗಂಡಸರ ತರ ಓಡಿಸುವುದು. ಅಪ್ಪನ ಹತ್ತಿರ ಸಂಜೆ ಹೇಳುತ್ತಿದ್ದಂಥವೇ ಮಾತುಗಳು.

ಮೂರನೇ ದಿನ, ಹಿಂದಿನ ಅರೆಕಟ್ಟಿದ ಮನೆಯಲ್ಲಿ ಒರಗಿಸಿಟ್ಟಿದ್ದ ಚಪ್ಪಡಿಗಳ ಹಿಂದಿನಿಂದ ಒಂದು ಕ್ಷೀಣ ದನಿ ಕೇಳಿಸಿತು. ನಾನು ಎದ್ದೆ. ಜುಬೇದಾ ಬೀ ನನ್ನ ಸೆರಗು ಹಿಡಿದು ಕೂರಿಸಿದರು. ಅಮ್ಮ ಮಾತು ನಿಲ್ಲಿಸಲಿಲ್ಲ. ದಿವಾನ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಬಂದ, ಟವೆಲನ್ನು ಮೂಸಿದ, ಅದರ ಮೇಲೆ ಸುತ್ತಿಕೊಂಡು ಕೂತ. ಅಪ್ಪ ಹೋದ ಮೇಲೆ ಅಮ್ಮ ಮೊದಲ ಸಲ ಅತ್ತದ್ದು ಆಗ. ಸಮಾಧಾನ ಮಾಡಲು ಹೊರಟ ನನ್ನನ್ನು ಜುಬೇದಾ ಬೀ ಕಣ್ಣಲ್ಲೇ ಗದರಿಸಿದರು.

ಆಮೇಲೆ ಶುರುವಾಯಿತು ಅವರ ಕಾನೂನು. ಹನ್ನೆರಡು ದಿನ ಒಂದೇ ಕೋಣೆಯಲ್ಲಿಡಬೇಕು. ಊಟ ಅದೇ ಹೊತ್ತಿಗೆ, ಅದೇ ಡಬ್ಬದ ಸದ್ದಿನೊಂದಿಗೆ. ನೆಂಟರು ಬಂದರೆ, ಪಟಾಕಿ ಹೊಡೆದರೆ, ಸುಣ್ಣಬಣ್ಣದವರು ಬಂದರೆ ಮೊದಲು ಬೆಕ್ಕನ್ನು ಒಳಗೆ ಹಾಕಿ ಚಿಲಕ. ಅವನ ಕೊರಳಿಗೆ ತಾವೇ ಒಂದು ಪಟ್ಟಿ ಹೊಲಿದು, ಪಕ್ಕದ ಮನೆಯವರ ಫೋನ್ ನಂಬರನ್ನು ಅದರ ಮೇಲೆ ದಾರದಲ್ಲೇ ಕಸೂತಿ ಮಾಡಿದರು. ನಡುವೆ ಲಂಗದ ಎಲಾಸ್ಟಿಕ್ ತುಂಡು. "ಕೊಂಬೆಗೆ ಸಿಕ್ಕಿಕೊಂಡ್ರೆ ಪಟ್ಟಿ ಹೋಗ್ಲಿ, ಕುತ್ತಿಗೆ ಹೋಗ್ಬಾರ್ದು." ಅಮ್ಮ ಅವರ ಪಕ್ಕಾ ಶಿಷ್ಯೆಯಾಗಿಬಿಟ್ಟರು. ದೀಪಾವಳಿಗೆ ಮುಂಚೆ ಇಬ್ಬರೂ ಬೆಕ್ಕಿರುವ ಮನೆಗಳಿಗೆಲ್ಲಾ ಹೋಗಿ ಗೃಹಿಣಿಯರನ್ನು ಗದರಿಸಿ ಬರುತ್ತಿದ್ದರು. ಇಬ್ಬರಲ್ಲಿ ಯಾರ ಬಾಯಿ ಜೋರು ಎಂಬುದರ ಬಗ್ಗೆ ಬೀದಿಯಲ್ಲಿ ಒಮ್ಮತವಿರಲಿಲ್ಲ.

ದಿವಾನ ಇನ್ನೂ ಒಂಬತ್ತು ವರ್ಷ ಬದುಕಿದ. ಅಷ್ಟರಲ್ಲಿ ಜುಬೇದಾ ಬೀಯ ಮಂಡಿ ಕೈಕೊಟ್ಟು, ಮಗಳು ಅವರನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗಿದ್ದಳು. ದಿವಾನ ಹೋದ ಸುದ್ದಿ ತಿಳಿಸಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಎರಡು ತಿಂಗಳು ತಳ್ಳಿ, ಕೊನೆಗೆ ನನ್ನನ್ನು ಹೊರಡಿಸಿಕೊಂಡು ಹೋದರು. ಜುಬೇದಾ ಬೀ ಮಂಚ ಹಿಡಿದು, ಸೊರಗಿ ಅರ್ಧವಾಗಿದ್ದರು. ದನಿ ಮಾತ್ರ ಹಾಗೇ ಇತ್ತು.

"ಎಲ್ಲಿ, ನಮ್ಮ ದಿವಾನ ಎಂಗವ್ನೆ?"

ಅಮ್ಮ ನೆಲ ನೋಡಿಕೊಂಡು ಹೇಳಿದರು: "ಹೋದ. ವಯಸ್ಸಾಗಿತ್ತು."

"ಎಲ್ಲಿ ಹೋದ? ಹೊರಗಾ?"

"ಇಲ್ಲ. ಮನೇಲೇ. ನನ್ನ ಮಡಿಲಲ್ಲೇ ಇದ್ದ."

ಜುಬೇದಾ ಬೀ ಅಮ್ಮನ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು. ಪರೀಕ್ಷೆಯಲ್ಲಿ ಪಾಸಾದ ಮಗುವನ್ನು ನೋಡುವಂತೆ ನೋಡಿದರು. "ಮಡಿಲಲ್ಲಾ? ಮತ್ಯಾಕೆ ಮುಖ ಕೆಳಗೆ ಹಾಕಿದೀರಾ? ಕೊನೇತನಕ ನೋಡ್ಕೊಂಡ್ರಲ್ಲಾ. ನೀವು ಅವ್ನನ್ನ ಕಳ್ಕೊಂಡಿಲ್ಲ ಅಮ್ಮಾ."

ಮಳೆಗಾಲ ಮುಗಿಯುವ ಹೊತ್ತಿಗೆ ಕುಣಿಗಲ್ಲಿನಿಂದ ಜುಬೇದಾ ಬೀಯ ಮಗಳ ಫೋನ್ ಬಂತು. ಎತ್ತಿದ್ದು ಅಮ್ಮ. ಸುದ್ದಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಪಕ್ಕದಲ್ಲಿ ಯಾರಿದ್ರಮ್ಮಾ?" ಎಂದು ಕೇಳಿದರು. ಆ ಕಡೆಯ ಉತ್ತರ ನನಗೆ ಕೇಳಿಸಲಿಲ್ಲ. ಅಮ್ಮ ರಿಸೀವರ್ ಇಟ್ಟು, ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದರು.

"ಮಗಳ ತೋಳ ಮೇಲೇ ಅಂತೆ" ಎಂದರು.