ಎಣ್ಣೆನೀರಿನ ಮಂಪರು

ಗ್ಯಾಸ್ ಗೀಸರ್ ಭುಗ್ಗೆಂದು ಹೊತ್ತಿಕೊಳ್ಳುವ ಸದ್ದು ಎಲ್ಲಿ ಕೇಳಿದರೂ ನನಗೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ನನ್ನ ತಂಗಿಯ ಬಾಣಂತನ ಹಿನಕಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ನಡೆಯಿತು. ಆಸ್ಪತ್ರೆ ಹತ್ತಿರ, ಬಚ್ಚಲಲ್ಲೇ ಗೀಸರ್, ನಲ್ಲಿ ತಿರುಗಿಸಿದರೆ ಸುಡುವ ನೀರು. ನಮ್ಮೂರು ಇಲವಾಲದಿಂದ ಅವ್ವ ಬಂದಳು, ಬಂದ ದಿನವೇ ಮನೆಯ ಯಜಮಾನಿಕೆ ಕೈಗೆ ತೆಗೆದುಕೊಂಡಳು. ಬಾಣಂತನದ ವಿಷಯದಲ್ಲಿ ಅವ್ವನ ಮುಂದೆ ಯಾರ ಬೇಳೆಯೂ ಬೇಯುವುದಿಲ್ಲ.

ಅವಳು ಮಾಡಿದ ಮೊದಲ ಕೆಲಸ ಬಚ್ಚಲಿನ ವೆಂಟಿಲೇಟರ್ ಮುಚ್ಚಿದ್ದು. ಹಸಿಮೈಗೆ ಗಾಳಿ ಸೋಕಿದರೆ ಬಾಣಂತಿಗೆ ಮುದುಕಿಯಾಗುವವರೆಗೂ ಸೊಂಟನೋವು ತಪ್ಪುವುದಿಲ್ಲವಂತೆ. ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹರಿದು, ಅರ್ಧ ಮಗುವಿಗೆ ಸುತ್ತಲು ಇಟ್ಟುಕೊಂಡು, ಉಳಿದರ್ಧವನ್ನು ಸ್ಟೂಲ್ ಹತ್ತಿ ಗಾಜಿನ ಪಟ್ಟಿಗಳ ಸಂದಿಗೆಲ್ಲ ತುರುಕಿದಳು. ಊರಿನ ಬಚ್ಚಲುಮನೆಗೆ ಹೆಂಚಿನ ಮಾಡು. ಹಂಡೆಯೊಲೆಯ ಹೊಗೆ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಇಲ್ಲಿ ತಾರಸಿ. ಹೊಗೆಯೇ ಕಾಣದ್ದರಿಂದ ಅದರ ಯೋಚನೆ ಯಾರಿಗೂ ಬರಲಿಲ್ಲ.

ಎಣ್ಣೆನೀರಾದ ಮೇಲೆ ದಿನವೂ ತಂಗಿ ತಲೆನೋವು ಎನ್ನುತ್ತಿದ್ದಳು, ಕಣ್ಣು ಎಳೆಯುತ್ತದೆ ಎನ್ನುತ್ತಿದ್ದಳು. ಅವ್ವನಿಗೆ ಕೇಳಿ ಸಂತೋಷ. ಎಣ್ಣೆ ಮೈಗೆ ಹಿಡಿದಿದೆ, ಮಂಪರು ಬಂದಷ್ಟೂ ಒಳ್ಳೆಯದು ಎಂದು ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಎಣ್ಣೆನೀರಿನ ಮಂಪರೆಂದರೆ ನಮಗೆಲ್ಲ ಹಬ್ಬದ ದಿನದ ಸುಖ. ಅದರ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಆ ದಿನ ಆಷಾಢದ ಗಾಳಿ ಜೋರಾಗಿತ್ತು. ಅವ್ವ ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ಒತ್ತಿದಳು. ದಿನವೂ ಮೊದಲು ಮಗುವಿಗೆ ನೀರು ಹಾಕಿ ಆಮೇಲೆ ತಾಯಿಗೆ ಹಾಕುವುದು ಅವಳ ಕ್ರಮ. ಅಂದು ಮಗು ಹಾಲು ಕುಡಿದು ನಿದ್ದೆ ಹೋಗಿತ್ತು. ಮಲಗಿದ ಕೂಸನ್ನು ಎಬ್ಬಿಸಬಾರದು, ಆಮೇಲೆ ಹಾಕೋಣ ಎಂದು ನನ್ನ ತೊಡೆಯ ಮೇಲೆ ಬಿಟ್ಟು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಟವೆಲ್ ಮರೆತಿದ್ದಳು. ಗಾಳಿ ಹೋಗದಂತೆ ಬಾಗಿಲನ್ನು ಹಿಂದಕ್ಕೆಳೆದು ಮುಚ್ಚಿದವಳು ಗೋಡೆ ಹಿಡಿದುಕೊಂಡು ಕುಸಿದು ಕೂತಳು.

"ಯಾಕೋ ತಲೆ ತಿರುಗ್ತದೆ ಕಣವ್ವ," ಎಂದಳು. "ನಂಗೂ ಮಂಪರು ಬಂದಂಗಾಯ್ತದೆ."

ಕೆಲಸದ ನಡುವೆ ಅವ್ವ ಕೂತದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕಾಫಿ ಕೊಡಲೇ ಎಂದು ಕೇಳಹೊರಟವಳು ಅರ್ಧಕ್ಕೇ ತಡೆದೆ. ಎಣ್ಣೆ ಹಚ್ಚಿದ್ದು ತಂಗಿಗೆ. ಅವ್ವನಿಗೆ ಮಂಪರು ಯಾಕೆ?

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬಾಗಿಲು ನೂಕಿದೆ. ತಂಗಿ ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದಳು, ಕಣ್ಣು ಅರ್ಧ ತೆರೆದಿತ್ತು. ಕರೆದೆ. ಕೆನ್ನೆಗೆ ಹೊಡೆದೆ. ಕತ್ತು ಒಂದು ಕಡೆಗೆ ವಾಲಿತು. ಗೀಸರ್ ಉರಿಯುತ್ತಲೇ ಇತ್ತು. ಒಂದಿಷ್ಟು ವಾಸನೆಯಿಲ್ಲ, ಕಣ್ಣುರಿಯಿಲ್ಲ, ಸೀಗೆಪುಡಿಯ ಘಮ ಮಾತ್ರ. ನನ್ನ ತಂಗಿ ಸತ್ತೇಹೋದಳು ಎಂದುಕೊಂಡೆ.

ಗೀಸರ್ ಆರಿಸಿ ಅವಳ ಕಂಕುಳಿಗೆ ಕೈ ಹಾಕಿದೆ. ಎಣ್ಣೆಮೈ ಕೈಗೆ ಸಿಗದೆ ಜಾರುತ್ತಿತ್ತು. ಹೇಗೋ ಹೊರಗೆಳೆದು ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆದೆ. ಅಷ್ಟು ದಿನ ನಾವು ಹೆದರಿದ್ದ ಗಾಳಿ ರೊಯ್ಯನೆ ನುಗ್ಗಿತು. ನನ್ನ ಕೂಗು ಕೇಳಿ ಬಂದ ಪಕ್ಕದ ಮನೆಯವರು ತಮ್ಮ ಕಾರಿನಲ್ಲಿ ನಮ್ಮನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದರು.

ತಂಗಿಗೂ ಅವ್ವನಿಗೂ ಆಕ್ಸಿಜನ್ ಮಾಸ್ಕ್ ಹಾಕಿ ಡಾಕ್ಟರಮ್ಮ ನನಗೆ ವಿವರಿಸಿದರು. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಕ್ಸಿಜನ್ನಿನ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಗೀಸರ್ ಬಚ್ಚಲಿನ ಒಳಗೆ ಇರಲೇಬಾರದಿತ್ತಂತೆ. ದಿನವೂ ಬರುತ್ತಿದ್ದ ತಲೆನೋವು ಅದರದೇ ಇರಬೇಕು ಎಂದರು. ಆ ಗಾಳಿಯಲ್ಲಿ ಎಳೆಗೂಸು ಇದ್ದಿದ್ದರೆ ಉಳಿಯುವುದು ಕಷ್ಟವಿತ್ತು ಎಂದೂ ಹೇಳಿದರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಗೊತ್ತಿತ್ತು. ಹೊಗೆಯಾಡದೆ ಕೊಲ್ಲುವ ಬೆಂಕಿಯೂ ಉಂಟೆಂದು ಯಾರೂ ಹೇಳಿರಲಿಲ್ಲ.

ಸಂಜೆ ತಂಗಿಗೆ ಪೂರ್ತಿ ಎಚ್ಚರವಾಯಿತು. ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ಅವ್ವ, ಅರ್ಧ ಸೀರೆ ಸುತ್ತಿದ ಮಗುವನ್ನು ಎತ್ತಿಕೊಂಡು ಮಂಚದ ಪಕ್ಕದಲ್ಲಿದ್ದಳು. ಏನಾಯಿತೆಂದು ತಂಗಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಮಗೂಗೆ ನೀರು ಹಾಕಾಯ್ತಾ?" ಎಂದು ಕೇಳಿದಳು.

ಅವ್ವ ಮಗುವನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ ಕಣವ್ವ," ಎಂದಳು. "ಇನ್ನೂ ಹಾಕಿಲ್ಲ."