ಇಪ್ಪತ್ತೊಂಬತ್ತು ಇಂಚಿನ ಕಟ್ಟೆ

ಟೇಪಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದೀಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಮನೆಗಳ ನಕ್ಷೆ ಬರೆಯುವುದು ಅವನ ಕಸುಬು. ಅಂಗಿ ಜೇಬಿನಲ್ಲಿ ಅಳತೆಯ ಟೇಪು ಯಾವಾಗಲೂ ಹಾಜರು. ಪೇಂಟ್ ಅಂಗಡಿಯ ಮೇಲಿನ ಅವನ ಒಂದೇ ಕೋಣೆಯ ಆಫೀಸಿಗೆ ಬಂದವರೆಲ್ಲ ಟೇಪಣ್ಣ ಎಂದೇ ಕರೆದರು, ಅವನೂ ಓಗೊಟ್ಟ.

ಮನೆ ಕಟ್ಟಿಸುವವರ ವರಸೆಯೇ ವಿಚಿತ್ರ. ಬಾಗಿಲ ಹಿಡಿಕೆಗೆ ಕೇಳಿದಷ್ಟು ಸುರಿಯುತ್ತಾರೆ, ನೆಲದ ಕಲ್ಲಿಗಾಗಿ ಊರೂರು ಅಲೆಯುತ್ತಾರೆ. ನಕ್ಷೆಗೆ ದುಡ್ಡು ಕೊಡಬೇಕು ಅಂದರೆ ಮಾತ್ರ ಮುಖ ಹರಳೆಣ್ಣೆ ಕುಡಿದಂತಾಗುತ್ತದೆ. "ನಾಲ್ಕು ಗೆರೆ ಎಳೆಯೋಕೆ ಇಷ್ಟೊಂದಾ?" ಟೇಪಣ್ಣನ ಉತ್ತರ ಮೂವತ್ತು ವರ್ಷದಿಂದ ಒಂದೇ. "ಗೆರೆ ಪುಕ್ಕಟೆ ಸ್ವಾಮಿ. ದುಡ್ಡು ಅಳತೆಗೆ."

ಅಳತೆ ಅಂದರೆ ಸೈಟಿನದಲ್ಲ, ಮನುಷ್ಯರದು. ಅವರು ಆಗ ಇದ್ದ ಮನೆಗೆ ಹೋಗಿ ಒಂದಿಡೀ ದಿನ ಮೂಲೆ ಹಿಡಿದು ಕೂರುತ್ತಿದ್ದ. ಮೊದಲು ಏಳುವವರು ಯಾರು, ಮಂಡಿನೋವು ಯಾರಿಗೆ, ಅಜ್ಜಿ ಚಪ್ಪಲಿ ಎಲ್ಲಿ ಬಿಡುತ್ತಾಳೆ, ಎಲ್ಲ ಬರೆದುಕೊಳ್ಳುತ್ತಿದ್ದ. ಆಮೇಲೆ ಅಡುಗೆ ಮಾಡುವವರನ್ನು ಗೋಡೆಗೆ ನಿಲ್ಲಿಸಿ ನೆಲದಿಂದ ಮೊಣಕೈವರೆಗೆ ಟೇಪು ಹಿಡಿಯುತ್ತಿದ್ದ. ಅಡುಗೆ ಕಟ್ಟೆ ಮೊಣಕೈಗಿಂತ ಐದಾರು ಇಂಚು ಕೆಳಗಿರಬೇಕು, ಆಗಲೇ ಸೊಂಟ ಉಳಿಯುವುದು ಅನ್ನುವುದು ಅವನ ಲೆಕ್ಕ. "ಇವನು ಮನೆ ಬರೀತಾನೋ ಪ್ಯಾಂಟು ಹೊಲೀತಾನೋ" ಎಂದು ಜನ ನಕ್ಕರು. ಆ ಮನೆಗಳಲ್ಲಿ ಬಾಳಿದವರು ಮಾತ್ರ ಆಮೇಲೆ ನಗಲಿಲ್ಲ. ಇನ್ನು ಯಾರಾದರೂ ರೆಡಿ ನಕ್ಷೆ ಕೇಳಿದರೆ ಮುಗಿಯಿತು, ನೇರವಾಗಿ ಮೆಟ್ಟಿಲು ತೋರಿಸುತ್ತಿದ್ದ.

ಇಷ್ಟೆಲ್ಲ ಮಾಡಿದವನು ಸ್ವತಃ ಬಾಡಿಗೆ ಮನೆಯವನು. ಅವನ ಹೆಂಡತಿ ತೀರಾ ಕುಳ್ಳಿ. ಯಾವ ಬಾಡಿಗೆ ಮನೆಯ ಕಟ್ಟೆಯೂ ಅವಳಿಗೆ ಎಟುಕಲಿಲ್ಲ. ಮರದ ಮಣೆಯೊಂದನ್ನು ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗಿ, ಅದರ ಮೇಲೆ ನಿಂತೇ ಜೀವಮಾನವೆಲ್ಲ ಅಡುಗೆ ಮಾಡಿದಳು. "ಊರಿನೋರ ಮೊಣಕೈಯೆಲ್ಲ ಅಳೀತೀರಿ, ನಿಮ್ಮ ಹೆಂಡತಿಗೆ ಮಾತ್ರ ಮಣೆ" ಎಂದು ಬೈಯುತ್ತಿದ್ದಳು. ಕೊನೆಗೂ ಮೂವತ್ತು ನಲವತ್ತರ ಒಂದು ಸೈಟು ಕೊಂಡರು. ಹನ್ನೊಂದು ಭಾನುವಾರ ಇಬ್ಬರೂ ಕೂತು ನಕ್ಷೆ ಮಾಡಿದರು. ಅವನು ಬರೆಯುವುದು, ಅವಳು ಅಳಿಸುವುದು. ಅಡುಗೆ ಕಟ್ಟೆ ಇಪ್ಪತ್ತೊಂಬತ್ತು ಇಂಚು ಎಂದು ಅವಳೇ ಪೆನ್ಸಿಲ್ ಕಸಿದುಕೊಂಡು ಬರೆದಳು. ಅಷ್ಟರಲ್ಲಿ ಕಾಯಿಲೆ ಬಂತು. ಸೈಟು ಆಸ್ಪತ್ರೆಗೆ ಹೋಯಿತು, ಅವಳೂ ಉಳಿಯಲಿಲ್ಲ.

ಅದಾಗಿ ಮೂರು ವರ್ಷ. ಸುರುಳಿ ಸುತ್ತಿದ ನಕ್ಷೆ ಆಫೀಸಿನ ಬೀರುವಿನ ಮೇಲೆ, ಮಣೆ ಮನೆಯ ಅಡುಗೆ ಕಟ್ಟೆಯ ಮುಂದೆ. ದಿನಾ ಎಡವುತ್ತಿದ್ದ, ಒಂದು ದಿನವೂ ಸರಿಸಲಿಲ್ಲ. ಬೇರೆಯವರ ಮನೆಯಲ್ಲಿ ಮೂಲೆ ಹಿಡಿದು ಕೂತಾಗ ಕಿವಿಗೆ ಬೀಳುವ ಜಗಳ, ನಗು, ಪಾತ್ರೆಯ ಸದ್ದು ಈಗ ಅವನಿಗೆ ಸಂಕಟ ಕೊಡುತ್ತಿತ್ತು. ಸಂಜೆ ಬಾಗಿಲು ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ನರ್ಸ್ ಬಂದಳು. ನಲವತ್ತೈದರ ಆಸುಪಾಸು, ಆಫೀಸಿನ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ.

"ಮೂವತ್ತು ನಲವತ್ತು ಸೈಟು ಸರ್. ಇರೋಳು ನಾನೊಬ್ಬಳೇ. ಯಾವುದಾದ್ರೂ ರೆಡಿ ನಕ್ಷೆ ಇದ್ರೆ ಕೊಟ್ಟುಬಿಡಿ. ಒಂಟಿ ಹೆಂಗಸಿಗೆ ಏನು ಮಹಾ ಅಳತೆ?"

ಬೇರೆ ದಿನವಾಗಿದ್ದರೆ ಮೆಟ್ಟಿಲು ತೋರಿಸುತ್ತಿದ್ದ. ಅಂದು ಅವನ ಕಣ್ಣು ಬೀರುವಿನ ಮೇಲಕ್ಕೆ ಹೋಯಿತು.

"ಇದೆ ಸಿಸ್ಟರ್," ಅಂದ. "ಇದಕ್ಕೆ ದುಡ್ಡು ಬೇಡ."

ಮಾಡುತ್ತಿರುವುದು ತಪ್ಪು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಮನೆ ಎಲ್ಲಾದರೂ ಎದ್ದು ನಿಲ್ಲಬೇಕು, ಒಂದೇ ಒಂದು ಸಲ ಹೆಂಡತಿಯ ಅಡುಗೆಮನೆಯಲ್ಲಿ ತಾನು ನಿಲ್ಲಬೇಕು ಅನ್ನುವ ಆಸೆ ಅವನ ಬುದ್ಧಿಯನ್ನು ಮೂಲೆಗೆ ತಳ್ಳಿತು.

ಪಾಯ ಬಿದ್ದ ದಿನದಿಂದ ಟೇಪಣ್ಣ ದಿನಾ ಅಲ್ಲಿ ಹಾಜರು. "ಪುಕ್ಕಟೆ ನಕ್ಷೆಗೆ ಇಷ್ಟು ಓಡಾಟವಾ?" ಎಂದು ಹಳೆಯ ಸ್ನೇಹಿತನಾದ ಮೇಸ್ತ್ರಿ ಕಿಚಾಯಿಸಿದ. ಗೋಡೆ ಏರಿತು, ಕಿಟಕಿ ಕೂತಿತು, ಹೆಂಡತಿ ಹಟ ಹಿಡಿದು ಬರೆಸಿದ ಗೋಡೆಗೂಡೂ ಬಂತು. ಟೇಪಣ್ಣ ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಅಡುಗೆ ಕಟ್ಟೆಯ ಸರದಿ ಬಂದಾಗ ಮೇಸ್ತ್ರಿ ನಕ್ಷೆ ಹಿಡಿದು ತಲೆ ಕೆರೆದುಕೊಂಡ. "ಟೇಪಣ್ಣ, ಇಪ್ಪತ್ತೊಂಬತ್ತು ಅಂತಿದೆ. ಕೈತಪ್ಪು ತಾನೇ? ಆಯಮ್ಮ ನೋಡಿದ್ರೆ ಲೈಟ್ ಕಂಬದಷ್ಟು ಎತ್ತರ."

"ತಪ್ಪಿಲ್ಲ. ಇರೋ ಹಾಗೆ ಕಟ್ಟು."

ಮೇಸ್ತ್ರಿ ಹುಬ್ಬೇರಿಸಿದ, ಕಟ್ಟಿದ. ಮೇಲೆ ಕಲ್ಲುಚಪ್ಪಡಿ ಕೂರಿಸುವುದೊಂದೇ ಬಾಕಿ.

ಮರುದಿನ ಡ್ಯೂಟಿ ಮುಗಿಸಿ ನರ್ಸ್ ಬಂದಳು. ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುವ ಹಾಗೆ ಕೈಯಾಡಿಸಿದಳು. ಬೆನ್ನು ಬಿಲ್ಲಾಯಿತು. ಒಂದು ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ಹಗಲೆಲ್ಲ ಪೇಷಂಟುಗಳ ಹಾಸಿಗೆ ಮೇಲೆ ಬಗ್ಗೀ ಬಗ್ಗೀ ಸೊಂಟ ಬಿದ್ದುಹೋಗಿದೆ ಸರ್," ಎಂದು ನಕ್ಕಳು. "ಇಲ್ಲೂ ಬಗ್ಗಬೇಕು ಅನ್ಸುತ್ತೆ. ಇರಲಿ ಬಿಡಿ. ನೀವು ತಿಳಿದೋರು, ಏನೋ ಲೆಕ್ಕ ಇಟ್ಟಿರ್ತೀರಿ."

ಟೇಪಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ಚೌಕಾಸಿ ಮಾಡಿದವರಿಗೂ ಅಳತೆ ತಪ್ಪಿಸದ ತಾನು, ನಂಬಿ ಬಂದ ಹೆಂಗಸನ್ನು ಸಾಯುವ ತನಕ ಬಗ್ಗಿಸಿ ನಿಲ್ಲಿಸಲು ಹೊರಟಿದ್ದ. ಅವನ ಹೆಂಡತಿ ಜೀವನಪೂರ್ತಿ ಮಣೆ ಮೇಲೆ ನಿಂತದ್ದೂ ಇನ್ಯಾರದೋ ಅಳತೆಯಿಂದಲೇ ಅಲ್ಲವೇ.

ಜೇಬಿನಿಂದ ಟೇಪು ತೆಗೆದ. "ನೆಟ್ಟಗೆ ನಿಂತ್ಕೊಳ್ಳಿ ಸಿಸ್ಟರ್. ಮೊಣಕೈ ಮಡಚಿ."

ನಲವತ್ತೆರಡು ಬಂತು. ನಕ್ಷೆಯ ಮೇಲಿನ ಇಪ್ಪತ್ತೊಂಬತ್ತನ್ನು ಅವನು ಒಂದು ಗಳಿಗೆ ನೋಡಿದ. ಅದು ಹೆಂಡತಿಯ ಕೈಬರಹ, ಒಂಬತ್ತಿನ ಬಾಲ ಉದ್ದ. ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಮೂವತ್ತಾರು ಎಂದು ಬರೆದ.

"ಒಡೀಬೇಕಾ?" ಮೇಸ್ತ್ರಿ ಕೇಳಿದ.

"ಒಡೀಬೇಡ," ಟೇಪಣ್ಣ ಗಡಬಡಿಸಿ ಅಂದ. "ಅದು ಹಾಗೇ ಇರಲಿ. ಅದರ ಮೇಲೆ ಎರಡು ವರಸೆ ಇಟ್ಟಿಗೆ ಏರಿಸು."

ನರ್ಸ್ ಕೇಳಿದಳು, "ಮೊದಲು ಬರೆದದ್ದು ಯಾರ ಅಳತೆ ಸರ್?"

"ನಮ್ಮನೆಯವಳದು. ಈಗಿಲ್ಲ."

ಅವಳು ಕಟ್ಟೆಯ ಮೇಲೆ ಕೈಯಿಟ್ಟು, "ಹಾಗಾದ್ರೆ ಅದೇ ಇರಲಿ. ನನಗೆ ಅಭ್ಯಾಸವಾಗುತ್ತೆ," ಅಂದಳು.

"ಬೇಡಮ್ಮ. ನಿಮ್ಮ ಮನೇಲಿ ನೀವು ನೆಟ್ಟಗೆ ನಿಲ್ಲಬೇಕು. ಸ್ವಿಚ್ಚು, ಶೆಲ್ಫು, ಎಲ್ಲ ಇನ್ನೊಮ್ಮೆ ನೋಡ್ಬೇಕು. ನಾಳೆ ನೀವು ಈಗಿರೋ ರೂಮಿಗೆ ಅಳತೆಗೆ ಬರ್ತೀನಿ." ಸ್ವಲ್ಪ ತಡೆದು ಸೇರಿಸಿದ. "ಇನ್ಮೇಲೆ ಇದು ಪುಕ್ಕಟೆ ಅಲ್ಲ. ಪೂರ್ತಿ ಫೀಸು ಕೊಡ್ಬೇಕು."

"ಕೊಡ್ತೀನಿ," ಅಂದಳು ನರ್ಸ್. ನಾಲ್ಕು ಗೆರೆಯ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಎರಡನೇ ವರಸೆ ಕೂರುವವರೆಗೂ ಟೇಪಣ್ಣ ಅಲ್ಲೇ ನಿಂತಿದ್ದ. ಗಾರೆ ಬಳಿದ ಮೇಲೆ ಹಳೆಯ ಕಟ್ಟೆ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಯಾರಿಗೂ ಕಾಣುವಂತಿರಲಿಲ್ಲ.

ಸಂಜೆ ಮನೆಗೆ ಬಂದು ಟೀಗೆ ನೀರಿಡಲು ಹೋದಾಗ ಎಂದಿನಂತೆ ಮಣೆ ಕಾಲಿಗೆ ತಗುಲಿತು. ಅವನು ಅದರ ಮೇಲೆಯೇ ಕುಳಿತ.

"ಏಳು ಇಂಚು ಏರಿಸಿಬಿಟ್ಟೆ ಕಣೇ," ಅಂದ ಗಟ್ಟಿಯಾಗಿ. "ಬೈಬೇಡ."

ಬೈಯುವವರು ಯಾರೂ ಇರಲಿಲ್ಲ.