ಬಳೆ ಸುತ್ತಿದ ಕಾಗದ

ನನ್ನ ಮೊದಲ ಕಾದಂಬರಿಯನ್ನು ನಾನು ಬಲದಿಂದ ಎಡಕ್ಕೆ ಬರೆದೆ. ಭಾಷೆ ಕನ್ನಡವೇ, ಅದೂ ನಮ್ಮ ಭಾಲ್ಕಿಯ ಅಡುಗೆಮನೆಯ ಕನ್ನಡ. ಅಕ್ಷರ ಮಾತ್ರ ಉರ್ದುವಿನದು. ಸಭೆಗಳಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ, ನಾನೇನೋ ಚಮತ್ಕಾರ ಮಾಡಿದೆ ಅಂದುಕೊಳ್ಳುತ್ತಾರೆ. ಚಮತ್ಕಾರವೂ ಇಲ್ಲ, ಮಣ್ಣೂ ಇಲ್ಲ. ನಿಜಾಮರ ಕಾಲದಲ್ಲಿ ನಾನು ಓದಿದ ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉರ್ದು ಬಿಟ್ಟರೆ ಬೇರೆ ಅಕ್ಷರ ಕಲಿಸುತ್ತಿರಲಿಲ್ಲ. ಕನ್ನಡ ನನ್ನ ಬಾಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಅಪ್ಪನದು ಭಾಲ್ಕಿಯಲ್ಲಿ ಬಟ್ಟೆ ಅಂಗಡಿ. ಓದಲೆಂದು ನನ್ನನ್ನು ಬೀದರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದ. ಶಾಲೆಗೆ ಪರದೆ ಕಟ್ಟಿದ ಟಾಂಗಾದಲ್ಲಿ ಹೋಗಬೇಕು. ಆ ಪರದೆಯ ಒಳಗೆ ನನ್ನ ಪಕ್ಕ ಕೂರುತ್ತಿದ್ದವಳು ತಹಸೀಲ್ ಕಚೇರಿಯ ಗುಮಾಸ್ತರ ಮಗಳು. ಮುಸಲ್ಮಾನರ ಹುಡುಗಿ, ಆದರೆ ಕನ್ನಡ ಮಾತಾಡಿದರೆ ನಮ್ಮ ಸೋದರತ್ತೆಯೇ ಬಾಯಿ ಮುಚ್ಚಿಕೊಳ್ಳಬೇಕು. ಹೊರಗೆ ಏನೂ ಕಾಣದ ಆ ದಾರಿಯಲ್ಲಿ ನಾನು ಅವಳಿಗೆ ಕಥೆ ಹೇಳುತ್ತಿದ್ದೆ. ಕಮಠಾಣದ ಒಬ್ಬ ಹುಡುಗಿ, ಬೀದರಿನಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬ ಹುಡುಗ. ಇಬ್ಬರೂ ನಮ್ಮ ವಯಸ್ಸಿನವರೇ. ಅವರು ಒಬ್ಬರನ್ನೊಬ್ಬರು ನೋಡುವುದಕ್ಕೇ ನಾನು ತಿಂಗಳುಗಟ್ಟಲೆ ತೆಗೆದುಕೊಂಡೆ.

ಅವಳಿಗೆ ನನ್ನ ಮೇಲೆ ಒಂದು ಸಿಟ್ಟಿತ್ತು. ಇವತ್ತು ಹೇಳಿದ್ದನ್ನು ನಾನು ನಾಳೆ ಬದಲಿಸುತ್ತಿದ್ದೆ. ಒಂದು ದಿನ ಟಾಂಗಾ ಇಳಿಯುವ ಮುಂಚೆ ನನ್ನ ಮೊಣಕೈ ಹಿಡಿದು ಹೇಳಿದಳು: “ಬಾಯ್ಲೆ ಹೇಳಬ್ಯಾಡ. ಬರ್ದು ಕೊಡು. ಬರ್ದ ಮ್ಯಾಲ ನಿನಗ ತಪ್ಪಿಸ್ಕೊಳ್ಳಾಕ ಬರಲ್ಲ.”

ನಾನು ಲೇಖಕಿಯಾದದ್ದು ಹೀಗೆ. ಸರಸ್ವತಿ ಕನಸಿನಲ್ಲಿ ಬಂದು ಹೇಳಿದ್ದಲ್ಲ.

ಬರೆಯಲು ಕುಳಿತ ವರ್ಷವೇ ಇಬ್ಬರ ಓದೂ ನಿಂತಿತು. ದೊಡ್ಡವಳಾದೆ ಎಂದು ನನ್ನನ್ನು ಭಾಲ್ಕಿಗೆ ಕರೆಸಿಕೊಂಡರು. ಅವಳ ಅಪ್ಪನಿಗೆ ಔರಾದಿಗೆ ವರ್ಗವಾಯಿತು. ಈಗ ಬಸ್ಸು ಹತ್ತಿದರೆ ಮುಗಿಯುವ ದಾರಿ, ಆಗ ಎರಡು ಮನೆಯ ಹುಡುಗಿಯರ ನಡುವೆ ಅದು ಸಮುದ್ರವೇ. ಆ ಸಮುದ್ರ ದಾಟಿಸಿದವಳು ಡಾಬಕಾದ ಒಬ್ಬ ಬಳೆಗಾರ್ತಿ. ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಭಾಲ್ಕಿ, ಬೀದರ, ಔರಾದ ಸಂತೆಗಳನ್ನು ಸುತ್ತುವ ಮುದುಕಿ. ಬಳೆಗಾರ್ತಿಗೆ ಯಾವ ಮನೆಯಲ್ಲೂ ತಡೆಯಿಲ್ಲ. ನಮ್ಮ ದೇವರ ಜಗುಲಿಯ ಪಕ್ಕದಲ್ಲೂ ಕೂರುತ್ತಾಳೆ, ಅವರ ಪರದೆಯ ಒಳಗೂ ಕೂರುತ್ತಾಳೆ. ನಾಜೂಕು ಬಳೆಗಳು ಒಡೆಯದಂತೆ ಅವಳು ಹಳೆಯ ಉರ್ದು ಕಾಗದಗಳಲ್ಲಿ ಸುತ್ತಿಡುತ್ತಿದ್ದಳು. ಅದರ ನಡುವೆ ನನ್ನ ಕಾಗದವೂ ಬಳೆ ಸುತ್ತಿಕೊಂಡು ಔರಾದಿಗೆ ಹೋಗುತ್ತಿತ್ತು. ಅಲ್ಲಿ ನನ್ನ ಗೆಳತಿ ಕೈಗೆ ಬಳೆ ಇಡಿಸಿಕೊಂಡು, ಸುತ್ತಿದ ಕಾಗದವನ್ನು ತಾನೇ ಇಟ್ಟುಕೊಳ್ಳುತ್ತಿದ್ದಳು.

ಉತ್ತರ ಮಾತ್ರ ಬಾಯಿಂದ ಬಾಯಿಗೆ ಬರುತ್ತಿತ್ತು. ಮುದುಕಿಗೆ ಕಥೆಯ ತಲೆಬುಡ ಗೊತ್ತಿಲ್ಲ, ಆದರೆ ನನ್ನ ಬೆರಳ ಗೆಣ್ಣು ಒತ್ತಿ ಬಳೆ ಏರಿಸುತ್ತ ಒಪ್ಪಿಸುತ್ತಿದ್ದಳು. ಹುಡುಗಿಯನ್ನು ಇಷ್ಟು ಅಳಿಸಬೇಡವಂತೆ. ಆ ಹುಡುಗನ ಚಿಕ್ಕಪ್ಪನನ್ನು ಬೇಗ ಸಾಯಿಸಬೇಕಂತೆ. ಚಿಕ್ಕಪ್ಪನನ್ನು ಸಾಯಿಸುವ ಮಾತು ಕೇಳಿ ಅವ್ವ ಒಮ್ಮೆ ಹೌಹಾರಿದ್ದಳು.

ಅವ್ವನೂ ಕಥೆ ಕೇಳುತ್ತಿದ್ದಳು. ಕರಡನ್ನು ನನ್ನ ಬಳಿ ಇಟ್ಟುಕೊಂಡು, ತಿದ್ದಿ ಬರೆದದ್ದನ್ನು ಔರಾದಿಗೆ ಕಳಿಸುವುದು ನನ್ನ ಪದ್ಧತಿ. ಅವ್ವ ಬೀಸುಕಲ್ಲಿನ ಮುಂದೆ ಕುಳಿತಾಗ ನಾನು ಅವಳ ಬೆನ್ನ ಹಿಂದೆ ಕುಳಿತು ಕರಡನ್ನು ಓದುತ್ತಿದ್ದೆ. ಕಲ್ಲು ನಿಂತರೆ ಅವ್ವ ಅಳುತ್ತಿದ್ದಾಳೆ ಎಂದು ಅರ್ಥ. ಅವಳಿಗೆ ಓದು ಬರದು. ಕಿವಿಗೆ ಬೀಳುತ್ತಿದ್ದದ್ದು ಕನ್ನಡ, ಹಾಗಾಗಿ ನನ್ನ ಕೈಯಲ್ಲಿದ್ದ ಕಾಗದವೂ ಕನ್ನಡದ್ದೇ ಅಂದುಕೊಂಡಿದ್ದಳು. ಅವಳು ಕೇಳಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಓದಿದ್ದನ್ನು ನಾನು ಅಪ್ಪನ ಅಂಗಡಿಯ ಉರ್ದು ಕಾಗದಗಳ ಪೆಟ್ಟಿಗೆಯ ತಳದಲ್ಲಿ ಇಡುತ್ತಿದ್ದೆ, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ದಾರಿಗಳು ಕೆಡತೊಡಗಿದವು. ನಿಜಾಮರ ಪರವಾಗಿ ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದರು, ಸಂತೆಗಳು ನಿಂತವು. ಬಳೆಗಾರ್ತಿ ಕೊನೆಯ ಬಾರಿ ಬಂದಾಗ ಗೆಳತಿಯ ಮಾತನ್ನು ಹೀಗೆ ಒಪ್ಪಿಸಿದಳು: “ಅವರಿಬ್ಬರಿಗಿ ಕೂಡಸು ಅಂತ ಹೇಳ್ಯಾಳ. ಇಲ್ಲಂದ್ರ ನಿನ್ನ ಮಾರಿ ನೋಡಲ್ಲಂತ.”

ನಾನು ಕೂಡಿಸಿದೆ. ಕೊನೆಯ ಅಧ್ಯಾಯವನ್ನು ಅವಳಿಗಾಗಿಯೇ ಬರೆದೆ. ಕರಡೂ ತಿದ್ದಿದ ಪ್ರತಿಯೂ ಸಿದ್ಧವಾಗಿ ಅದೇ ಪೆಟ್ಟಿಗೆಯಲ್ಲಿ ಬಳೆಗಾರ್ತಿಯ ದಾರಿ ಕಾಯುತ್ತಿದ್ದವು. ಅವ್ವ ಓದು ಎಂದು ಪೀಡಿಸಿದಳು. ಇದು ನನ್ನ ಗೆಳತಿ ಕೇಳಿದ ಕೊನೆ, ಅವಳು ಓದಿದ ಮೇಲೆಯೇ ನಿನಗೆ ಎಂದೆ. ಅವ್ವನಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಹೆತ್ತವಳಿಗಿಂತ ಔರಾದಿನವಳು ಹೆಚ್ಚಾದಳೇ ಎಂದು ಎರಡು ದಿನ ಮುಖ ತಿರುಗಿಸಿಕೊಂಡು ರೊಟ್ಟಿ ಬಡಿದಳು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮ ಓಣಿಯಲ್ಲಿ ಸಿಹಿ ಹಂಚಿದರು. ನಾನೂ ತಿಂದೆ. ಮರುದಿನದಿಂದಲೇ ಬೇರೆ ಸುದ್ದಿಗಳು ಬಂದವು, ಯಾವ ಓಣಿ ಉರಿಯಿತು, ಯಾರ ಅಂಗಡಿ ದೋಚಿದರು ಎಂಬಂಥವು. ಮೊದಲು ಹೆದರುತ್ತಿದ್ದವರು ಈಗ ಹೆದರಿಸುತ್ತಿದ್ದರು. ಉರ್ದು ಕಾಗದ ಇದ್ದ ಮನೆಯನ್ನು ನಿಜಾಮರ ಕಡೆಯವರ ಮನೆ ಎಂದು ಬಗೆಯುತ್ತಾರಂತೆ ಎಂದು ಯಾರೋ ಹೇಳಿದರು. ಅದು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಅವಸರದಲ್ಲಿ ಅವ್ವನಿಗೆ ಹೇಳಿ ಹೋದ: ಪೆಟ್ಟಿಗೆಯಲ್ಲಿ ಸರ್ಕಾರದ ಮೊಹರು ಇದ್ದ ಕಾಗದ ಇಡು, ಮೊಹರು ಇಲ್ಲದ್ದನ್ನೆಲ್ಲ ಸುಟ್ಟುಬಿಡು.

ಅವ್ವ ಮೊಹರು ನೋಡಿ ನೋಡಿ ವಿಂಗಡಿಸಿದಳು. ಮೊಹರಿಲ್ಲದ್ದನ್ನು ನೀರೊಲೆಗೆ ಹಾಕಿದಳು. ಹಂಡೆಯ ನೀರು ಚೆನ್ನಾಗಿ ಕಾಯಿತು. ನನ್ನನ್ನು ಕರೆದು ತಲೆಗೆ ಸೀಗೆಕಾಯಿ ಹಚ್ಚಿ, ತಾನೇ ನೀರು ಹುಯ್ದಳು. ನನ್ನ ಕಥೆ ಉರಿದು ಕಾದ ನೀರಿನಲ್ಲಿ ನಾನು ಹಾಯಾಗಿ ತಲೆ ತೊಳೆದುಕೊಂಡೆ. ಬಿಸಿ ಹದವಾಗಿದೆ ಎಂದೂ ಹೇಳಿದೆ.

ಕೂದಲು ಒರೆಸಿಕೊಳ್ಳುತ್ತ ಬಂದಾಗ ಪೆಟ್ಟಿಗೆಯ ಬಾಯಿ ತೆರೆದಿತ್ತು. ಎಲ್ಲಿ ಎಂದು ಅವ್ವನನ್ನು ಕೇಳಿದೆ. ಅವಳಿಗೆ ನಾನು ಏನು ಹುಡುಕುತ್ತಿದ್ದೇನೆಂದೇ ತಿಳಿಯಲಿಲ್ಲ. ತಿಳಿಸಿ ಹೇಳಿದ ಮೇಲೂ ಬಹಳ ಹೊತ್ತು ನಂಬಲಿಲ್ಲ.

“ನೀ ಓದಿದ್ದು ನಮ್ಮ ಮಾತ ಇತ್ತಲ್ಲ,” ಅಂದಳು. “ಉರ್ದು ಕಾಗಜದಾಗ ನಮ್ಮ ಮಾತ ಹ್ಯಾಂಗ ಇರ್ತದ?”

ಆಮೇಲೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೂದಿಗೆ ಕೈ ಹಾಕಿದಳು. ಬೂದಿ ಇನ್ನೂ ಬಿಸಿಯಿತ್ತು. ನಾನೇ ಅವಳ ಕೈ ಹಿಡಿದು ಎಳೆಯಬೇಕಾಯಿತು. ಅವಳ ಮೇಲೆ ಸಿಟ್ಟು ಮಾಡುವುದಕ್ಕೂ ನನಗೆ ದಾರಿ ಉಳಿಯಲಿಲ್ಲ.

ಔರಾದಿನಲ್ಲಿ ಮಿಕ್ಕ ಅಧ್ಯಾಯಗಳೆಲ್ಲ ಇವೆ, ಗೆಳತಿಯಿದ್ದಾಳೆ, ಕೊನೆಯದನ್ನು ಅವಳ ಎದುರು ಕುಳಿತು ಬಾಯಿಂದಲೇ ಹೇಳುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ. ಕರೆದುಕೊಂಡು ಹೋಗು ಎಂದರೆ ಅಪ್ಪ ಇವತ್ತು ನಾಳೆ ಎಂದು ತಳ್ಳಿದ. ಚಳಿ ಬೀಳುವ ಹೊತ್ತಿಗೆ ಬಳೆಗಾರ್ತಿ ಬಂದಳು. ಮಲಾರ ಅರ್ಧ ಖಾಲಿ. ನನ್ನ ಕೈ ಹಿಡಿದು ಗೆಣ್ಣು ಒತ್ತಿದಳು, ಬಳೆ ಏರಿಸಿದಳು, ಏನನ್ನೂ ಒಪ್ಪಿಸಲಿಲ್ಲ. ನಾನೇ ಕೇಳಿದೆ.

“ಆ ಮನ್ಯಾಗ ಈಗ ಯಾರೂ ಇಲ್ಲವ್ವಾ,” ಅಂದಳು. “ನನಗ ಮತ್ತ ಕೇಳಬ್ಯಾಡ.”

ನಾನು ಊಟ ಬಿಟ್ಟು ಕುಳಿತ ಮೇಲೆ ಅಪ್ಪ ಕರೆದುಕೊಂಡು ಹೋದ. ಆ ಮನೆಗೆ ಬಾಗಿಲಿರಲಿಲ್ಲ. ಚೌಕಟ್ಟನ್ನೂ ಕಿತ್ತುಕೊಂಡು ಹೋಗಿದ್ದರು. ಪಕ್ಕದ ಮನೆಯವರು, ಅವರೆಲ್ಲ ಹೈದರಾಬಾದಿಗೆ ಹೋದರು, ಆರಾಮ ಇದ್ದಾರೆ ಅಂದರು. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕ, ಗಂಡಸರನ್ನು ಹೊಲದ ಕಡೆ ಕರೆದೊಯ್ದರು, ಹೆಣ್ಣುಮಕ್ಕಳು ಬಾವಿಗೆ ಬಿದ್ದರು ಅಂದ. ಅಪ್ಪ ಅವನನ್ನು ಗದರಿಸಿ ಸುಮ್ಮನಿರಿಸಿದ. ಹೈದರಾಬಾದು ಎಂದವರು ನನ್ನ ಮುಖ ನೋಡಿರಲಿಲ್ಲ, ಬಾವಿ ಎಂದವನು ನೋಡಿದ್ದ. ನನಗೆ ತಿಳಿದಿರುವುದು ಇಷ್ಟೇ. ಔರಾದಿನ ಬಜಾರಿನಲ್ಲಿ ಪ್ರತಿ ಅಂಗಡಿಯ ಮುಂದೆ ನಿಂತು, ಶೇಂಗಾ ಬೆಲ್ಲ ಕಟ್ಟಿಕೊಡುತ್ತಿದ್ದ ಕಾಗದಗಳಲ್ಲಿ ನನ್ನ ಕೈಬರಹ ಹುಡುಕಿದೆ. ಒಂದು ಸಾಲೂ ಸಿಗಲಿಲ್ಲ.

ಕನ್ನಡ ಶಾಲೆಗಳು ತೆರೆದವು. ತಮ್ಮನ ಒಂದನೇ ಇಯತ್ತೆಯ ಪುಸ್ತಕ ಹಿಡಿದು ನಾನು ಅ ಆ ತಿದ್ದಿದೆ. ವರ್ಷಗಳ ಮೇಲೆ ಕಥೆಯನ್ನು ನೆನಪಿನಿಂದ ಎಡದಿಂದ ಬಲಕ್ಕೆ ಬರೆದೆ. ಅದೇ ಕಥೆ, ಅದೇ ಹುಡುಗ ಹುಡುಗಿ, ಆದರೆ ಮಾತು ಇಸ್ತ್ರಿ ಹಾಕಿದ ಅಂಗಿ ತೊಟ್ಟುಕೊಂಡು ಕೂತಿತು. ಟಾಂಗಾದಲ್ಲಿ ಅವಳನ್ನು ನಗಿಸಿದ ಒಂದು ವಾಕ್ಯವೂ ಮೊದಲಿನಂತೆ ಬರಲಿಲ್ಲ. ಅಚ್ಚಾಯಿತು. ಕಾಲೇಜಿನ ಹುಡುಗಿಯರು ದಿಂಬಿನ ಕೆಳಗೆ ಇಟ್ಟುಕೊಂಡು ಓದಿದರು. ಎಳೆಯರ ಪ್ರೀತಿಯನ್ನು ಇಷ್ಟು ಸಿಹಿಯಾಗಿ ಬರೆಯುವುದು ಹೇಗೆ ಎಂದು ಇಂದಿಗೂ ಕೇಳುತ್ತಾರೆ. ಆ ಪ್ರಶ್ನೆ ಕೇಳಿದವರ ಮೇಲೆ ನನಗೆ ವಿನಾಕಾರಣ ರೇಗುತ್ತದೆ. ಅವಳು ಹೈದರಾಬಾದಿನ ಯಾವುದೋ ಗಲ್ಲಿಯಲ್ಲಿ ಬದುಕಿದ್ದು, ಈ ಪುಸ್ತಕ ಅವಳ ಕೈಗೇ ಸಿಕ್ಕರೂ ಅವಳಿಗೆ ಈ ಅಕ್ಷರ ಓದಲು ಬರುವುದಿಲ್ಲ. ಯಾರಿಗಾಗಿ ಬರೆದೆನೋ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಓದಿದರು.

ಪುಸ್ತಕ ಬಂದ ದಿನ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆ ಕಥೆಯೇ ಏನು ಎಂದು ಕೇಳಿದಳು. ಹೌದೆಂದೆ. ಓದು ಅಂದಳು. ಆಗ ಮನೆಯಲ್ಲಿ ಬೀಸುಕಲ್ಲು ತಿರುಗುತ್ತಿರಲಿಲ್ಲ, ಗಿರಣಿ ಬಂದಿತ್ತು. ದಿನವೂ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಕುಳಿತು ಕೇಳಿದಳು, ಹಿಂದೆ ಎಲ್ಲೆಲ್ಲಿ ಅತ್ತಿದ್ದಳೋ ಅಲ್ಲಲ್ಲೇ ಅತ್ತಳು. ಕೊನೆಯ ಅಧ್ಯಾಯ ತೆಗೆದಾಗ ನೆಲಕ್ಕೆ ಕೈಯೂರಿ ಎದ್ದಳು.

“ಅದ ಬ್ಯಾಡ,” ಅಂದಳು. “ಅದ ಆಕೀದು. ಆಕಿ ಬಂದ ಮ್ಯಾಲ ಇಬ್ಬರಿಗೂ ಕೂಡೇ ಓದು.”

ಅವ್ವ ಆಮೇಲೆ ಬಹಳ ವರ್ಷ ಬದುಕಿದ್ದಳು. ಬಾಗಿಲಲ್ಲಿ ಬಳೆಯವರ ಕೂಗು ಕೇಳಿದರೆ ನನಗಿಂತ ಮೊದಲು ಅವಳೇ ತಲೆಯೆತ್ತುತ್ತಿದ್ದಳು. ಆ ಹುಡುಗ ಹುಡುಗಿ ಕೂಡಿದರೋ ಇಲ್ಲವೋ ಎಂದು ಕೇಳದೆಯೇ ಹೋದಳು.